ಇಪ್ಪತ್ಮೂರು ಮಾಲಕರ ಗೋಡೌನು

ಹತ್ತರಗಿಯ ಹೈವೇ ಪಕ್ಕದ ಮೆಣಸಿನಕಾಯಿ ಗೋಡೌನಿಗೆ ಹೊಸದಾಗಿ ಬಂದವರಿಗೆ ಮೊದಲು ಕಲಿಸುವುದು ಕೆಲಸವಲ್ಲ, ಅಳುವುದು.

ಕೆಲಸ ಅರ್ಧ ತಾಸಿನಲ್ಲಿ ಬರುತ್ತದೆ. ಒಣಮೆಣಸಿನಕಾಯಿಯ ತೊಟ್ಟಿಗೆ ಹೆಬ್ಬೆರಳ ಉಗುರು ಒತ್ತಬೇಕು, ತಿರುವಬೇಕು, ಮುಗಿಯಿತು. ಅಳುವುದಕ್ಕೆ ಮಾತ್ರ ಒಂದು ತಿಂಗಳು ಬೇಕು. ಖಾರದ ಧೂಳು ರೆಪ್ಪೆಯ ಮೇಲೆ ಬಂದು ಕೂತಿರುತ್ತದೆ. ಒರೆಸಿಕೊಂಡರೆ ಕೈಯ ಖಾರ ಕಣ್ಣೊಳಗೆ. ರೆಪ್ಪೆ ಬಡಿದರೆ ರೆಪ್ಪೆಯ ಖಾರ ಕಣ್ಣೊಳಗೆ. ಕಣ್ಣು ತೆರೆದುಕೊಂಡು, ಅಲುಗಾಡದೆ, ನೀರು ತಾನಾಗಿ ಹರಿದು ಮುಗಿಯುವ ತನಕ ಕೂತಿರಬೇಕು.

“ಒರಸಬ್ಯಾಡ. ಪಿಳಕಸಬ್ಯಾಡ. ನೀರು ಹರೀಲಿ ಬಿಡು.”

ಹದಿನೆಂಟು ವರ್ಷಗಳಲ್ಲಿ ಸಾವಿತ್ರವ್ವ ಇದನ್ನು ಎಷ್ಟು ಹೆಣ್ಣುಮಕ್ಕಳಿಗೆ ಹೇಳಿಕೊಟ್ಟಿದ್ದಾಳೋ ಲೆಕ್ಕವಿಲ್ಲ. ಬಾಜೂ ಮನೆಯ ಸತ್ತೆವ್ವನಿಗೂ ಅವಳೇ ಹೇಳಿಕೊಟ್ಟದ್ದು. “ಮನ್ಯಾಗ ಕುಂತ ಏನ ಮಾಡ್ತಿ, ಬಾ” ಎಂದು ಬಲಗೈ ಹಿಡಿದು ಎಳೆದುಕೊಂಡು ಬಂದವಳೂ ಅವಳೇ. ಆ ಬಲಗೈಯಲ್ಲಿ ಈಗ ಮೂರು ಬೆರಳಿವೆ.

ಖಾರ ಪುಡಿ ಮಾಡುವ ಮಷೀನಿನ ಬೆಲ್ಟಿಗೆ ಕೈ ಸಿಗದಂತೆ ಒಂದು ಜಾಳಿಗೆ ಇತ್ತು. ಅದು ಮುರಿದು ಎರಡು ವರ್ಷವಾಗಿತ್ತು. ಹೆಂಗಸರು ಹೋಗಿ ಹೇಳಿದಾಗ ಗೋಡೌನು ನಡೆಸುವ ಕಾಶಿನಾಥ ಸಾವ್ಕಾರರು “ಆಮ್ಯಾಲ ನೋಡೂಣು” ಎಂದಿದ್ದರು. ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆಗೂ ಹಾಗೆಯೇ ಎಂದಿದ್ದರು. ಸಂಡಾಸಕ್ಕೂ ಹಾಗೆಯೇ. ಅವರು ಯಾವುದನ್ನೂ ಇಲ್ಲ ಎಂದವರಲ್ಲ.

ಬೆರಳು ಹೋದ ದಿನ ಸತ್ತೆವ್ವನನ್ನು ಘಟಪ್ರಭಾದ ದವಾಖಾನೆಗೆ ಒಯ್ದದ್ದು ಸಾವ್ಕಾರರ ಟೆಂಪೋದಲ್ಲೇ. ಅಷ್ಟು ಮಾಡಿದರು. ಗಾಯ ಸ್ವಲ್ಪ ಮಾಗಿದ ಮೇಲೆ ಸಾವಿತ್ರವ್ವ ಒಂದು ದಿನದ ಕೂಲಿ ಬಿಟ್ಟು, ಸತ್ತೆವ್ವನನ್ನು ಕರೆದುಕೊಂಡು ಹುಕ್ಕೇರಿಗೆ ಹೋದಳು. ಕೂಲಿಕಾರರಿಗೆ ಪರಿಹಾರ ಸಿಗುತ್ತದೆ ಎಂದು ಯಾರೋ ಹೇಳಿದ ಕಚೇರಿ ಅಲ್ಲಿತ್ತು. ಗುಮಾಸ್ತ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟ. ಆಧಾರ್ ಕಾರ್ಡು ತೆಗೆದುಕೊಂಡು ಕಂಪ್ಯೂಟರಿನಲ್ಲಿ ಒತ್ತಿದ. ನೋಡಿದ. ಮತ್ತೆ ಒತ್ತಿದ.

“ಯವ್ವಾ, ನೀವು ಕೂಲಿ ಅಲ್ರಿ. ಮಾಲಕರು.”

“ಯಾತರ ಮಾಲಕಿರೀ?” ಎಂದಳು ಸತ್ತೆವ್ವ.

“ಸತ್ತೆವ್ವ ಆಗ್ರೋ ಸ್ಪೈಸಸ್. ಚಾಲೂ ಆಗಿ ಮೂರು ವರ್ಷ ಎರಡು ತಿಂಗಳಾತು. ಮೆಣಸಿನಕಾಯಿ ಖರೀದಿ, ಹಸನ ಮಾಡೂದು, ಮಾರಾಟ. ಕೆಲಸಗಾರರು, ಸೊನ್ನಿ.”

ಸತ್ತೆವ್ವ ಬ್ಯಾಂಡೇಜು ಕಟ್ಟಿದ ಕೈಯನ್ನು ಮೇಜಿನ ಮೇಲೆ ಇಟ್ಟಳು.

“ಮತ್ತ ಈ ಕೈ ಯಾರ ಮಷೀನಿನ್ಯಾಗ ಹೋತ್ರಿ?”

“ದಾಖಲಿ ಪ್ರಕಾರ, ನಿಮ್ಮ ಮಷೀನಿನ್ಯಾಗ.”

“ಪರಿಹಾರ ಯಾರು ಕೊಡ್ತಾರ್ರಿ?”

“ಮಾಲಕರು ಕೊಡಬೇಕು.”

“ಮಾಲಕರು?”

“ನೀವು.”

ಅವನು ಚೇಷ್ಟೆ ಮಾಡುತ್ತಿರಲಿಲ್ಲ. ಪರದೆಯ ಮೇಲೆ ಇದ್ದದ್ದನ್ನು ಓದುತ್ತಿದ್ದ. ಸಾವಿತ್ರವ್ವ ಸುಮ್ಮನೆ ತನ್ನ ಕಾರ್ಡನ್ನೂ ಮುಂದೆ ಸರಿಸಿದಳು. ಸಾವಿತ್ರವ್ವ ಚಿಲ್ಲಿ ಟ್ರೇಡರ್ಸ್ ಸಿಕ್ಕಿತು. ಅದೇ ಗೋಡೌನು, ಅದೇ ವಿಳಾಸ. ಗುಮಾಸ್ತ ವಿಳಾಸ ಒತ್ತಿ ನೋಡಿದ. ಒಂದೇ ಛಾವಣಿಯ ಕೆಳಗೆ ಇಪ್ಪತ್ಮೂರು ಕಂಪನಿಗಳಿದ್ದವು. ಗೋಡೌನಿನಲ್ಲಿ ಹೆಂಗಸರೂ ಇಪ್ಪತ್ಮೂರೇ.

ಕಾಡಿನಲ್ಲಿ ಕಟ್ಟಿಗೆ ಆರಿಸುವವಳ ಕೊರಳಿಗೆ ಪಟ್ಟದಾನೆ ಬಂದು ಮಾಲೆ ಹಾಕುವ ಕಥೆಯನ್ನು ನಮ್ಮ ಕಡೆಯ ಅಜ್ಜಿಯರು ಹೇಳುತ್ತಾರೆ. ಅವಳು ರಾಣಿಯಾಗುತ್ತಾಳೆ. ಊರೆಲ್ಲ ಹಂದರ ಹಾಕುತ್ತಾರೆ. ಸಾವಿತ್ರವ್ವನೂ ಸಣ್ಣವಳಿದ್ದಾಗ ಕುರಿಹಟ್ಟಿಯಲ್ಲಿ ಅಜ್ಜಿಯ ಕಂಬಳಿಯೊಳಗೆ ಹುದುಗಿಕೊಂಡು ಈ ಕಥೆ ಕೇಳಿದ್ದಳು. ಕೇಳಿದ ಮೇಲೆ ಬಹಳ ದಿನ ದಾರಿಯಲ್ಲಿ ಆನೆ ಬರುತ್ತದೇನೋ ಎಂದು ತಿರುತಿರುಗಿ ನೋಡುತ್ತಿದ್ದಳು. ಆನೆ ಬರಲಿಲ್ಲ. ಬಂದವನು, ಮೂರು ವರ್ಷದ ಹಿಂದೆ, ಕಂಪ್ಯೂಟರ್ ಅಂಗಡಿಯ ಬಾಳೇಶ. ದೀಪಾವಳಿಗೆ ಸಾವ್ಕಾರರು ಸೀರೆ ಕೊಡುತ್ತಾರೆ, ಆಧಾರ್ ಜೆರಾಕ್ಸ್ ಬೇಕು, ಒಂದು ಫೋಟೋ ಬೇಕು ಎಂದಿದ್ದ. ಎಲ್ಲರೂ ಕೊಟ್ಟಿದ್ದರು. ಸೀರೆ ಖರೇನೇ ಬಂತು. ಮೊದಲ ಒಗೆತಕ್ಕೆ ಬಣ್ಣ ಬಿಟ್ಟಿತು.

“ಸಾವ್ಕಾರ್ರು ಒಂದ ಸಾಲು ಬರದ ಕೊಟ್ರ ಸಾಕ್ರಿ, ಮುಂದಿಂದು ನಾ ನೋಡ್ತೀನಿ” ಎಂದ ಗುಮಾಸ್ತ. ಆ ಸಾಲನ್ನೂ ತಾನೇ ಒಂದು ಹಾಳೆಯ ಮೇಲೆ ಬರೆದ: ಸತ್ತೆವ್ವ ನನ್ನ ಗೋಡೌನಿನಲ್ಲಿ ಕೂಲಿ ಕೆಲಸದವಳು; ನನ್ನ ಮಷೀನಿನಲ್ಲಿ ಅವಳ ಎರಡು ಬೆರಳು ಹೋದವು. ಕೆಳಗೆ ಸಹಿಗೆ ಜಾಗ ಬಿಟ್ಟ. ಸಾವಿತ್ರವ್ವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು.

ಮರುದಿನ ಸಾವ್ಕಾರರು ಹಾಳೆಯನ್ನು ಎರಡು ಸಲ ಓದಿದರು. ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವ ಜಾತಿಯ ಮನುಷ್ಯರೇ ಅಲ್ಲ.

“ನೋಡ ಸಾವಿತ್ರಿ, ತಿಳದಾಕಿ ಅದಿ, ಅದಕ್ಕ ಹೇಳ್ತೀನಿ. ನಮ್ಮ ಮಾಲು ತಗೊಳ್ಳೂ ಪುಣೆ ಕಂಪನಿಯವ್ರು ಒಂದು ಸಾಫ್ಟ್‌ವೇರ್ ಇಟ್ಟಾರ. ನಮ್ಮ ನೋಂದಣಿ ಕಾಗದಪತ್ರ ಎಲ್ಲಾ ಅದು ತಪಾಸ ಮಾಡ್ತೈತಿ. ಹಸಿರು ಬಂದ್ರ ಲಾರಿ ಒಳಗ, ಕೆಂಪು ಬಂದ್ರ ವಾಪಸ್. ಇಪ್ಪತ್ತ ಮಂದಿ ಕೂಲಿ ಅದಾರ ಅಂತ ತೋರಿಸಿದ್ರ ಅದು ಕೇಳ್ತೈತಿ, ಭವಿಷ್ಯನಿಧಿ ಎಲ್ಲಿ, ವಿಮಾ ಎಲ್ಲಿ, ಸಂಡಾಸ ಎಷ್ಟು, ಮಷೀನಿಗೆ ಜಾಳಗಿ ಐತೋ ಇಲ್ಲೋ.”

“ಬರೋಬ್ಬರಿ ಕೇಳ್ತೈತಲ್ರಿ.”

“ಒಬ್ಬಾಕೀನ ನಡಸೂ ಕಂಪನಿಗೆ ಅದೇನೂ ಕೇಳೂದಿಲ್ಲ. ಹೆಣ್ಣಮಗಳ ಕಂಪನಿ ಅಂದ್ರ ಇನ್ನೂ ಖುಷಿ. ಈಗ ಈ ಹಾಳಿಗೆ ನಾ ಸೈನು ಮಾಡಿದ್ರ ಒಬ್ಬಾಕಿ ಕೂಲಿ ಆದ್ಲು. ಒಬ್ಬಾಕಿ ಆದ್ರ ಇಪ್ಪತ್ಮೂರೂ ಮಂದಿ ಆದ್ರಿ. ಗೋಡೌನು ಬಂದ್. ಅದಕ್ಕ, ಆಮ್ಯಾಲ ನೋಡೂಣು.”

ಹಾಳೆ ಸಂಚಿಗೆ ವಾಪಸ್ ಹೋಯಿತು. ಹೆಂಗಸರು ತೊಟ್ಟು ಮುರಿಯುತ್ತ ಮಾತಾಡಿಕೊಂಡರು.

“ಅಲ್ಲವಾ, ನಾ ಮಾಲಕಿ ಆಗಿ ಮೂರು ವರ್ಷಾತು, ನಮ್ಮ ಮನ್ಯಾಂವ ಇನ್ನೂ ನನ್ನ ಏಕವಚನದಾಗ ಮಾತಾಡಸ್ತಾನಲ್ಲ” ಎಂದಳು ಲಕ್ಕವ್ವ. ಎಲ್ಲರೂ ನಕ್ಕರು. ಸಾವಿತ್ರವ್ವ ನಗಲಿಲ್ಲ. ಮಷೀನಿಗೆ ಸತ್ತೆವ್ವನ ಜಾಗದಲ್ಲಿ ಈಗ ಅವಳನ್ನು ನಿಲ್ಲಿಸಿದ್ದರು. ಬೆಲ್ಟು ಅವಳ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ತಿರುಗುತ್ತಿತ್ತು.

ಹದಿನೈದು ದಿನಕ್ಕೆ ಪುಣೆಯಿಂದ ಸುದ್ದಿ ಬಂತು. ಸಾಫ್ಟ್‌ವೇರ್ ಬದಲಾಗಿದೆ. ಇನ್ನು ಮೇಲೆ ಕಾಗದವಷ್ಟೇ ಸಾಲದು, ಮಾಲಕರು ಖುದ್ದು ತಮ್ಮ ಬೋರ್ಡಿನ ಕೆಳಗೆ ನಿಂತು ಮುಖ ತೋರಿಸಬೇಕು. ಮಂಗಳವಾರ ಸಂಜೆ ಐದರೊಳಗೆ ಇಪ್ಪತ್ಮೂರೂ ಹಸಿರಾಗಬೇಕು. ಆಗದಿದ್ದರೆ ಈ ಹಂಗಾಮಿನ ಖರೀದಿ ರದ್ದು.

ಸೋಮವಾರ ಸಾವ್ಕಾರರು ಇಪ್ಪತ್ಮೂರು ಬೋರ್ಡು ಬರೆಸಿ ತಂದರು. ಗೋಡೌನಿನ ನೆಲದ ಮೇಲೆ ಸುಣ್ಣದ ಪುಡಿಯಿಂದ ಇಪ್ಪತ್ಮೂರು ಚೌಕ ಎಳೆಸಿದರು. ಒಂದೊಂದು ಚೌಕದ ನೆತ್ತಿಗೆ ಒಂದೊಂದು ಬೋರ್ಡು ತೂಗಿತು. ಹುಡುಗಿಯರು ಕುಂಟಾಟಕ್ಕೆ ಮನೆ ಬರೆದ ಹಾಗೆ ಕಾಣುತ್ತಿತ್ತು.

ಮಂಗಳವಾರ ಬೆಳಿಗ್ಗೆ ಲಕ್ಕವ್ವ ಸಾವಿತ್ರವ್ವನ ಗೆರೆಯ ಹೊರಗೆ ನಿಂತು ಕೇಳಿದಳು, “ನಿಮ್ಮ ಕಂಪನ್ಯಾಗ ಬರಬಹುದೇನ್ರಿ?”

“ಚಪ್ಪಲಿ ಬಿಟ್ಟ ಬಾ.”

“ಏನ ಸೊಕ್ಕವಾ ಈ ಮಾಲಕರದು!”

ಅಂದು ಸಾವ್ಕಾರರು ಎಲ್ಲರಿಗೂ “ರಿ” ಹಚ್ಚಿ ಮಾತಾಡಿದರು. “ಸಾವಿತ್ರವ್ವನವರ, ಚಾ ಕುಡದ್ರೇನ್ರಿ?” ಎಂದಾಗ ಸಾವಿತ್ರವ್ವ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ನಿಂತಿದ್ದಾರೋ ಎಂದು. ಸತ್ತೆವ್ವನನ್ನೂ ಟೆಂಪೋ ಕಳಿಸಿ ಕರೆಸಿದ್ದರು. ಸಾಫ್ಟ್‌ವೇರಿಗೆ ಅವಳ ಮುಖ ಬೇಕಾಗಿತ್ತು. ಕೈ ಬೇಕಾಗಿರಲಿಲ್ಲ. “ಸೆರಗಿನ್ಯಾಗ ಮುಚ್ಚಿಕೊಂಡ ನಿಂದರ್ರಿ ಸತ್ತೆವ್ವನವರ” ಎಂದು ಸಾವ್ಕಾರರು ಮೆಲ್ಲಗೆ ಹೇಳಿದರು.

ಮಧ್ಯಾಹ್ನ ಮೂರಕ್ಕೆ ತಪಾಸಣೆಯ ಹುಡುಗಿ ಬಂದಳು. ಹೆಸರು ಶಿವಾನಿ, ಕಲ್ಲೋಳಿಯವಳು. ಸ್ಕೂಟಿಯ ಮೇಲೆ ಅಲ್ಲಿಂದ ಇಲ್ಲಿಗೆ ಬಂದಿದ್ದಳು, ಮುಖವೆಲ್ಲ ಧೂಳು. ಗೋಡೌನಿನೊಳಗೆ ಕಾಲಿಟ್ಟವಳೇ ಕೆಮ್ಮತೊಡಗಿದಳು. ಕಣ್ಣಿಗೆ ಕೈ ಹೋಯಿತು.

“ಒರಸಬ್ಯಾಡ ತಂಗಿ” ಎಂದು ಸಾವಿತ್ರವ್ವ ಅವಳ ಮಣಿಕಟ್ಟು ಹಿಡಿದಳು. “ನೀರು ಹರೀಲಿ ಬಿಡು.”

ಹುಡುಗಿ ಸುಧಾರಿಸಿಕೊಂಡು ಚೀಲದಿಂದ ಟ್ಯಾಬ್ ತೆಗೆದಳು. ಸಾವಿತ್ರವ್ವ ಕೇಳಿದಳು, “ನಿನಗ ಪಗಾರ ಯಾರು ಕೊಡ್ತಾರವಾ, ಪುಣೆಯವ್ರೇನು?”

“ಪಗಾರ ಇಲ್ರಿ ಕಾಕೂ. ನಾನು ಕೆಲಸದಾಕಿ ಅಲ್ಲ, ಪಾರ್ಟನರ್ ಅಂತ ಬರಕೊಂಡಾರ. ಒಂದು ಮುಖಕ್ಕ ಇಷ್ಟು ಅಂತ. ಪೆಟ್ರೋಲು ನನ್ನದ.”

“ಅಂದ್ರ ನೀನೂ ಮಾಲಕಿ ಅನ್ನು.”

ಶಿವಾನಿ ತಲೆಯ ಮೇಲಿನ ಬೋರ್ಡುಗಳನ್ನು, ನೆಲದ ಗೆರೆಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ ಸತ್ತೆವ್ವನ ಸೆರಗನ್ನು ನೋಡಿದಳು.

ಮೊದಲ ಸರದಿ ಸಾವಿತ್ರವ್ವನದು. ಬೋರ್ಡಿನ ಕೆಳಗೆ ನಿಂತಳು. ಟ್ಯಾಬಿನ ಪರದೆಯ ಮೇಲೆ ಮೊಟ್ಟೆಯಾಕಾರದ ಗೆರೆ, ಅದರೊಳಗೆ ಅವಳ ಮುಖ.

“ಇದಕ್ಕ ನೀವು ಜೀವಂತ ಅದೀರಿ ಅಂತ ಗೊತ್ತಾಗ್ಬೇಕ್ರಿ” ಎಂದಳು ಶಿವಾನಿ. “ಕೆಲವು ಕಡೆ ಬರೇ ಫೋಟೋ ಹಿಡದ ತೋರಸ್ತಾರ, ಅದಕ್ಕ. ಕಣ್ಣು ಪಿಳಕಿಸ್ರಿ ಅಂತ ಹೇಳ್ತೈತಿ, ಪಿಳಕಿಸಿದ್ರ ಹಸಿರು. ಒಬ್ಬೊಬ್ಬರಿಗೆ ಮೂರು ಅವಕಾಶ. ಆಮ್ಯಾಗ ಆರು ತಿಂಗಳ ಬಂದ್.”

“ಈ ವಯಸ್ಸಿನ್ಯಾಗ ಕಣ್ಣ ಹೊಡಿ ಅಂತೈತಲ್ಲ ಇದು” ಎಂದು ಲಕ್ಕವ್ವ ಹಿಂದಿನಿಂದ ಅಂದಳು.

ಸಾವಿತ್ರವ್ವ ಸಂಚಿ ಬಿಚ್ಚಿ ಹಾಳೆ ತೆಗೆದಳು. ಅದರ ಮಡಿಕೆಗಳಲ್ಲಿ ಕೆಂಪು ಧೂಳು ಕೂತಿತ್ತು.

“ಸಾವ್ಕಾರ್ರ, ಇದಕ್ಕ ಸೈನು?”

ಸಾವ್ಕಾರರು ಶಿವಾನಿಯ ಕಡೆ ನೋಡಿ ನಕ್ಕು, ಸಾವಿತ್ರವ್ವನ ಕಿವಿಯ ಹತ್ತಿರ ಬಾಗಿದರು. “ಮೊದ್ಲ ಕಣ್ಣ ಪಿಳಕಿಸ. ಆಮ್ಯಾಲ ನೋಡೂಣು.”

ಸಾವಿತ್ರವ್ವ ಹಾಳೆ ಹಿಡಿದುಕೊಂಡೇ ಮುಖ ಮೇಲೆತ್ತಿದಳು. ನಾಳೆ ಕೂಲಿ ಇರುತ್ತದೋ ಇಲ್ಲವೋ ಎಂದು ಒಂದು ಸಲ ಅನಿಸಿತು. ಬೆಲ್ಟು ನೆನಪಾಯಿತು. ಟ್ಯಾಬಿನೊಳಗಿಂದ ಬೆಂಗಳೂರು ಕನ್ನಡದ ಒಬ್ಬ ಹೆಣ್ಣುಮಗಳು ನಯವಾಗಿ ಹೇಳಿದಳು: “ದಯವಿಟ್ಟು ಕಣ್ಣು ಮಿಟುಕಿಸಿ.”

ಸಾವಿತ್ರವ್ವ ಮಿಟುಕಿಸಲಿಲ್ಲ.

ಹದಿನೆಂಟು ವರ್ಷದ ಅಭ್ಯಾಸ. ಕಣ್ಣು ತೆರೆದಿತ್ತು, ನೀರು ತುಂಬಿತು, ಕೆನ್ನೆಯ ಮೇಲೆ ಇಳಿಯಿತು. ರೆಪ್ಪೆ ಅಲುಗಲಿಲ್ಲ. ಪರದೆಯ ಮೇಲೆ ಅಕ್ಷರ ಮೂಡಿದವು. ಶಿವಾನಿ ಓದಿದಳು: “ಜೀವಂತ ವ್ಯಕ್ತಿ ಪತ್ತೆಯಾಗಿಲ್ಲ.”

“ಸಾವಿತ್ರವ್ವನವರ, ತಮಾಷಿ ಬ್ಯಾಡ್ರಿ” ಎಂದರು ಸಾವ್ಕಾರರು.

ಎರಡನೆಯ ಸಲವೂ ಜೀವಂತ ವ್ಯಕ್ತಿ ಪತ್ತೆಯಾಗಲಿಲ್ಲ. ಮೂರನೆಯ ಸಲವೂ ಇಲ್ಲ. ಪರದೆ ಕೆಂಪಾಯಿತು. ಸಾವಿತ್ರವ್ವ ಚಿಲ್ಲಿ ಟ್ರೇಡರ್ಸ್ ಆರು ತಿಂಗಳು ಬಂದ್.

“ಇಕಿ ಹೋಗ್ಲಿ. ಮುಂದಿನವ್ರು ಬರ್ರಿ” ಎಂದರು ಸಾವ್ಕಾರರು.

ಮುಂದಿನವಳು ಲಕ್ಕವ್ವ. ಜೀವಮಾನದಲ್ಲಿ ಒಂದು ನಿಮಿಷ ಸುಮ್ಮನೆ ನಿಂತವಳಲ್ಲ. ಬೋರ್ಡಿನ ಕೆಳಗೆ ಕಲ್ಲಿನ ಹಾಗೆ ನಿಂತಳು. ಜೀವಂತ ವ್ಯಕ್ತಿ ಪತ್ತೆಯಾಗಲಿಲ್ಲ. ಆಮೇಲೆ ಬಂದವಳೂ ಹಾಗೆಯೇ. ಆಮೇಲಿನವಳೂ. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಕಲಿಸಿದ ಪಾಠ ಒಂದೇ ಆಗಿತ್ತು.

ಸತ್ತೆವ್ವ ತನ್ನ ಸರದಿ ಬಂದಾಗ ಸೆರಗು ಸರಿಸಿ ಕೈ ಹೊರಗೆ ತೆಗೆದಳು. ಮೂರು ಬೆರಳಿನ ಕೈಯಿಂದ ಹಣೆಯ ಕೂದಲು ಹಿಂದಕ್ಕೆ ಸರಿಸಿಕೊಂಡಳು. ಮೊಟ್ಟೆಯಾಕಾರದ ಗೆರೆಯೊಳಗೆ ಮುಖದ ಜೊತೆ ಆ ಕೈಯೂ ಬಂತು. ಶಿವಾನಿ ಟ್ಯಾಬನ್ನು ಸ್ವಲ್ಪವೂ ಸರಿಸಲಿಲ್ಲ.

ಜೀವಂತ ವ್ಯಕ್ತಿ ಪತ್ತೆಯಾಗಲಿಲ್ಲ.

ನಾಲ್ಕೂ ಮುಕ್ಕಾಲಿಗೆ ಹತ್ತೊಂಬತ್ತು ಕಂಪನಿಗಳು ಸತ್ತಿದ್ದವು. ಮಾಲು ಒಯ್ಯಲು ಬಾಗಿಲಲ್ಲಿ ಕಾದಿದ್ದ ಲಾರಿಯ ಎಂಜಿನ್ ಬಂದ್ ಆಯಿತು. ಸಾವ್ಕಾರರು ಬೆವೆತಿದ್ದರು. “ಇದು ಮಷೀನಿಂದ ತಪ್ಪು ಐತ್ರಿ ಮೇಡಂ, ಕೊಡ್ರಿಲ್ಲೆ ನೋಡೂಣು” ಎಂದು ಟ್ಯಾಬನ್ನು ಕಸಿದುಕೊಂಡು ಮುಖದ ಮುಂದೆ ಹಿಡಿದರು. ಗೋಡೌನಿನೊಳಗೆ ಅವರು ಒಮ್ಮೆಗೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತವರಲ್ಲ. ಇಂದು ಎರಡು ತಾಸಾಗಿತ್ತು. ಕಣ್ಣು ಕೆಂಡವಾಗಿ ಪಟಪಟನೆ ಬಡಿಯುತ್ತಿತ್ತು.

ಟ್ಯಾಬು ಗಣಗಣ ಎಂದಿತು. ಶಿವಾನಿ ಬಾಗಿ ನೋಡಿ, ಬೇರೆಯವರದನ್ನು ಓದಿದ ದನಿಯಲ್ಲೇ ಇದನ್ನೂ ಓದಿದಳು:

“ಜೀವಂತ ವ್ಯಕ್ತಿ ಪತ್ತೆಯಾಗಿದೆ. ಈ ವಿಳಾಸದ ಯಾವ ದಾಖಲೆಯಲ್ಲೂ ಇವರ ಹೆಸರಿಲ್ಲ.”

ಸಾವ್ಕಾರರು ಟ್ಯಾಬನ್ನು ಶಿವಾನಿಯ ಕೈಗೆ ವಾಪಸ್ ತುರುಕಿದರು.

“ಇಲ್ಲಿ ಒಂದು ಕಾಲಂ ಐತ್ರಿ” ಎಂದಳು ಶಿವಾನಿ. “ಸ್ಥಳದಾಗ ಬ್ಯಾರೆ ಯಾರರೆ ಇದ್ರ, ಅವ್ರು ಯಾರು ಅಂತ ಬರೀಬೇಕು. ಸಾವಿತ್ರಿ ಕಾಕೂ, ಇವ್ರು ಯಾರಂತ ಬರೀಲ್ರಿ?”

“ನಮಗೇನ ಗೊತ್ತವಾ, ನಾವು ಮಾಲಕರು” ಎಂದಳು ಸಾವಿತ್ರವ್ವ. “ಅವರನ್ನ ಕೇಳು. ಯಾರು ಅಂತ ಅವರ ಬರದ ಕೊಡ್ಲಿ.”

ಹಾಳೆಯ ಮಡಿಕೆ ಬಿಚ್ಚಿ ಸಾವ್ಕಾರರ ಕೈಗೆ ಕೊಟ್ಟಳು. ಶಿವಾನಿಯ ಚೀಲದಿಂದ ಇಣುಕುತ್ತಿದ್ದ ಪೆನ್ನು ತೆಗೆದು ಟೋಪಿ ಬಿಚ್ಚಿ ಮುಂದೆ ಹಿಡಿದಳು. ಸಾವ್ಕಾರರು ಓದಲು ನೋಡಿದರು. ಅಕ್ಷರ ಕಾಣಲಿಲ್ಲ. ಹಾಳೆ ಹಿಡಿದು ಕೆಂಪಾದ ಬೆರಳಿನಿಂದಲೇ ಕಣ್ಣುಜ್ಜಿಕೊಂಡರು. ಅವ್ವಾ ಎಂದು ಚೀರಿ ಮೂಟೆಯೊಂದರ ಮೇಲೆ ಕುಸಿದು ಕೂತರು.

“ಒರಸಬ್ಯಾಡ್ರಿ ಸಾವ್ಕಾರ್ರ” ಎಂದಳು ಸತ್ತೆವ್ವ, ತನ್ನ ಚೌಕದಿಂದಲೇ. “ನೀರು ಹರೀಲಿ ಬಿಡ್ರಿ.”

ಐದು ಹೊಡೆಯಿತು. ಯಾವ ಚೌಕದಿಂದಲೂ ಯಾರೂ ಹೊರಗೆ ಬರಲಿಲ್ಲ. ಸಾವಿತ್ರವ್ವ ಪೆನ್ನು ಚಾಚಿಕೊಂಡು ಹಾಗೆಯೇ ನಿಂತಿದ್ದಳು, ರೆಪ್ಪೆ ಬಡಿಯದೆ.