ಗರಿಫಾಲಿಯಾಳ ಗಡಿಪಾರು

ಮಗಳು ಹೆತ್ತು ತಿಂಗಳಾಗಿತ್ತು. ಅಥೆನ್ಸಿನಿಂದ ದಿನಾ ಫೋನು: "ಅಮ್ಮಾ, ಕೂಸು ನೋಡಕ್ಕೆ ಯಾವಾಗ ಬರ್ತೀಯಾ?" ಮೊಮ್ಮಗಳನ್ನು ಎದೆಗೆ ಅವಚಿಕೊಳ್ಳುವ ಆಸೆ ನನಗೇನು ಕಮ್ಮಿಯಿತ್ತೇ? ಆದರೂ "ಕಾಫಿ ಅಂಗಡಿ ಬಿಟ್ಟು ಹೇಗೆ ಬರಲೇ? ಈ ಕತ್ತೆಗಳಿಗೆ ಕಾಫಿ ಯಾರು ಕಾಸಿಕೊಡ್ತಾರೆ?" ಎಂದು ಗದರಿ ಫೋನಿಡುತ್ತಿದ್ದೆ. ನಿಜ ಹೇಳಬೇಕೆಂದರೆ, ಹೆದರಿಕೆ. ಗಂಡ ಹೋದ ಮೇಲೆ ಈ ಅಂಗಡಿಯೇ ನನ್ನ ಆಸರೆ. ನಾನಿಲ್ಲದೆಯೂ ಅದು ನಡೆದುಬಿಟ್ಟರೆ ಆಮೇಲೆ ನಾನು ಯಾರಿಗೆ ಬೇಕು?

ಇಕಾರಿಯಾ ದ್ವೀಪದ ನಮ್ಮೂರ ಗಂಡಸರೆಲ್ಲ ಬೆಳಗಾದರೆ ನನ್ನ ಅಂಗಡಿಯಲ್ಲೇ ಠಿಕಾಣಿ. ಅದರಲ್ಲೂ ಆ ಮೀನುಗಾರ ಪಂದೆಲೀಸ್! ಪಗಡೆಯಲ್ಲಿ ಮೋಸ, ಬಾಯಿ ತೆಗೆದರೆ ಬಂದರಿಗೆಲ್ಲ ಕೇಳಬೇಕು. ಆ ದಿನ ಗೆದ್ದ ಖುಷಿಯಲ್ಲಿ ಕುರ್ಚಿ ಸಮೇತ ಹಿಂದಕ್ಕೆ ವಾಲಿ ನನ್ನ ಕಾಮಕಸ್ತೂರಿ ಕುಂಡವನ್ನು ಚೂರುಚೂರು ಮಾಡಿದ.

"ಥೂ ದರಿದ್ರದವನೇ! ಇವನನ್ನ ಊರು ಬಿಟ್ಟು ಓಡಿಸೋರು ಯಾರೂ ಇಲ್ವಾ?"

ನಿವೃತ್ತ ಮೇಷ್ಟ್ರು ಅರ್ಗೀರಿಸ್ ಕನ್ನಡಕ ಏರಿಸಿದರು. "ಇದ್ರಮ್ಮಾ, ನಮ್ಮ ಹಿರೀಕರು. ಹಳೇ ಅಥೆನ್ಸಲ್ಲಿ ಯಾರು ಬೇಡವೋ ಅವರ ಹೆಸರನ್ನ ಮಡಕೆ ಚೂರಿನ ಮೇಲೆ ಗೀಚಿ ಹಾಕ್ತಿದ್ರು. ಯಾರ ಹೆಸರಿಗೆ ಜಾಸ್ತಿ ಚೂರು ಬಿತ್ತೋ ಅವನು ಹತ್ತು ವರ್ಷ ಊರು ಬಿಡ್ಬೇಕು. ಮನೆ, ಆಸ್ತಿ, ಮಾನ ಎಲ್ಲಾ ಹಾಗೇ ಇರ್ತಿತ್ತು, ಆಮೇಲೆ ವಾಪಸ್ ಬರಬಹುದಿತ್ತು. ಈಗ ಪ್ರಪಂಚವೆಲ್ಲಾ ವೋಟು ವೋಟು ಅಂತ ಕುಣಿಯುತ್ತಲ್ಲ, ಆ ಹುಚ್ಚು ಹಿಡಿಸಿದೋರೇ ನಮ್ಮೋರು."

"ಹತ್ತು ವರ್ಷ ಯಾಕೆ, ಹತ್ತು ದಿನ ಸಾಕು. ನಡೀಲಿ ವೋಟು!" ಎಂದ ಪಂದೆಲೀಸ್. ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತಿದ್ದಾನಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

ಕುಂಡದ ಚೂರುಗಳನ್ನು ನಾನೇ ಆರಿಸಿ ಹಂಚಿದೆ, ಗೀಚಲು ಮೊಳೆಗಳನ್ನೂ ತಂದುಕೊಟ್ಟೆ. "ಪಂದೆಲೀಸ್ ಅಂತ ಬರೀರಿ, ಇಲ್ಲಾಂದ್ರೆ ನಾಳೆ ಕಾಫಿ ಇಲ್ಲ" ಎಂದು ಒಬ್ಬೊಬ್ಬರ ಕಿವಿಯಲ್ಲೂ ಪ್ರಚಾರ ಮಾಡಿದೆ. ಎಲ್ಲರೂ ಗೋಣು ಹಾಕಿದರು, ಕಳ್ಳರು.

ಮೇಷ್ಟ್ರು ಬ್ರೆಡ್ಡಿನ ಬುಟ್ಟಿಯಿಂದ ಮೊದಲ ಚೂರು ತೆಗೆದು ಓದಿದರು: "ಗರಿಫಾಲಿಯಾ."

ನನ್ನ ಹೆಸರು! ಯಾರೋ ಕುಚೇಷ್ಟೆ ಮಾಡಿದ್ದಾರೆ ಎಂದುಕೊಂಡೆ.

"ಗರಿಫಾಲಿಯಾ. ಗರಿಫಾಲಿಯಾ. ಮತ್ತೆ ಗರಿಫಾಲಿಯಾ."

ಬುಟ್ಟಿ ಬರಿದಾಗುವವರೆಗೂ ನನ್ನದೇ ಹೆಸರು. ಒಂದೇ ಒಂದು ಚೂರಿನಲ್ಲಿ ಪಂದೆಲೀಸ್. ಅದು ನಾನು ಗೀಚಿದ್ದು.

"ಉಂಡ ಮನೆಗೆ ಎರಡು ಬಗೆಯೋರಾ! ನಾನೇನ್ರೋ ಮಾಡಿದೆ ನಿಮಗೆ?"

"ಕೂಸು ನೋಡಕ್ಕೆ ಹೋಗ್ಲಿಲ್ಲ, ಅದೇ ತಪ್ಪು," ಎಂದ ಪಂದೆಲೀಸ್. ಅವನ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು. "ಮಗಳ ಫೋನಿಟ್ಟು ಮೂಗು ಒರೆಸ್ಕೋತಾ ಕಾಫಿ ತಂದುಕೊಡ್ತೀಯಲ್ಲ ಅಕ್ಕಾ, ಅದು ನಮಗೆ ಗಂಟಲಲ್ಲಿ ಇಳಿಯಲ್ಲ. ನೀನು ಮೊಳೆ ತರೋಕೆ ಒಳಗೆ ಹೋದಾಗಲೇ ಎಲ್ರೂ ಮಾತಾಡ್ಕೊಂಡ್ವಿ. ನಾಳೆ ಹಡಗಿದೆ, ಹತ್ತಿಬಿಡು. ಅಂಗಡಿ ನಾನು ನೋಡ್ಕೋತೀನಿ."

"ನೀನಾ? ಸಕ್ಕರೆಗೂ ಉಪ್ಪಿಗೂ ವ್ಯತ್ಯಾಸ ಗೊತ್ತೇನೋ ನಿನಗೆ?" ಎಂದವಳೇ ಎಲ್ಲರೆದುರು ಗೊಳೋ ಎಂದು ಅತ್ತೆ. "ಮೇಷ್ಟ್ರೇ, ಇದು ನ್ಯಾಯವಾ?"

"ಜನರ ತೀರ್ಪು ತಾಯೀ. ಮೇಲ್ಮನವಿ ಇಲ್ಲ."

ಅಥೆನ್ಸಿನಲ್ಲಿ ದಿನಗಳು ಹೇಗೆ ಉರುಳಿದವೋ ತಿಳಿಯಲಿಲ್ಲ. ಕೂಸಿಗೆ ಸ್ನಾನ ಮಾಡಿಸಿದೆ, ಜೋಗುಳ ಹಾಡಿದೆ, ಮಗಳ ಜೊತೆ ಜಗಳವನ್ನೂ ಆಡಿದೆ. ಆ ಪುಟ್ಟ ನೆತ್ತಿಯ ವಾಸನೆಗೆ ನನಗೆ ಸ್ವರ್ಗವೇ ಸಿಕ್ಕಿದಂತಾಗಿತ್ತು. ಹೊರಡುವ ಹಿಂದಿನ ದಿನ ಮೇಷ್ಟ್ರಿಗೆ ಫೋನು ಮಾಡಿದೆ.

"ಅಂಗಡಿ ಹೇಗಿದೆ?"

"ಕೇಳ್ಬೇಡಮ್ಮಾ! ಪಂದೆಲೀಸನ ಕಾಫಿ ಕುಡಿಯೋಕೆ ಮುಂಚೆ ಎಲ್ರೂ ಶಿಲುಬೆ ಗುರುತು ಹಾಕ್ಕೋತಿದ್ದೀವಿ. ನಾಳೆ ನಿನ್ನ ಕರ್ಕೊಂಡು ಹೋಗೋಕೆ ಊರಿಗೂರೇ ಬಂದರಿಗೆ ಬರುತ್ತೆ."

ನಾನು ಬೇಕಾದವಳೇ! ಎದೆ ತುಂಬಿ ಬಂತು. ಮಡಿಲಲ್ಲಿ ಕೂಸು ನನ್ನ ಬೆರಳು ಹಿಡಿದು ನಿದ್ದೆ ಹೋಗಿತ್ತು. ಬಿಡಿಸಿಕೊಳ್ಳಲು ನೋಡಿದೆ, ಇನ್ನೂ ಗಟ್ಟಿಯಾಗಿ ಹಿಡಿಯಿತು.

"ಮೇಷ್ಟ್ರೇ," ಎಂದೆ ದನಿ ತಗ್ಗಿಸಿ, "ಇನ್ನೊಂದು ಸಲ ವೋಟು ಹಾಕಿಸ್ತೀರಾ? ಈ ಸಲ ನನ್ನ ವೋಟೂ ನನಗೇ."