ಗಿಡ್ಡ ಬೇರು ಬೇಡ

ಅಮ್ಮ ನೆಟ್ಟ ಸೇಬಿನ ಮರವನ್ನು ಅಣ್ಣ ಚಳಿಗಾಲದ ಒಂದು ಬೆಳಿಗ್ಗೆ ಕಡಿಸಿಬಿಟ್ಟ. ಕಾರು ನಿಲ್ಲಿಸಲು ಶೆಡ್ ಬೇಕಿತ್ತಂತೆ. ನನಗೊಂದು ಮಾತು ಹೇಳಿದನೇ? ಇಲ್ಲ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದೇ ಕಾಂಪೌಂಡ್ ಗೋಡೆ. ಗರಗಸದ ಸದ್ದು ಕೇಳಿ ಓಡುವಷ್ಟರಲ್ಲಿ ಮರ ನೆಲಕ್ಕೆ ಬಿದ್ದಿತ್ತು. ಜಗಳವಾಡಲು ನನಗೆ ಪುರುಸೊತ್ತಿರಲಿಲ್ಲ. ಬಿದ್ದ ಕೊಂಬೆಗಳಲ್ಲಿ ಹೋದ ವರ್ಷವಷ್ಟೇ ಬೆಳೆದಿದ್ದ, ಪೆನ್ಸಿಲ್ ದಪ್ಪದ ಐದು ಕಡ್ಡಿಗಳನ್ನು ಆರಿಸಿ ಕತ್ತರಿಸಿಕೊಂಡೆ.

"ಅಷ್ಟು ಆಸೆ ಇದ್ರೆ ಕುಂಡದಲ್ಲಿ ಒಂದು ಗಿಡ ಇಟ್ಕೊಳ್ಳೇ," ಎಂದ ಅಣ್ಣ, ಹಿಂದಿನಿಂದ.

ಕುಂಡದಲ್ಲಂತೆ. ಮೈಯೆಲ್ಲ ಉರಿದುಹೋಯಿತು.

ಕಡ್ಡಿಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನ ತರಕಾರಿ ಟ್ರೇಯಲ್ಲಿಟ್ಟೆ. ಹಣ್ಣಿನ ಪಕ್ಕದಲ್ಲಿದ್ದರೆ ಅವುಗಳ ಮೊಗ್ಗು ಸಾಯುತ್ತದೆ, ಹಾಗಾಗಿ ಟೊಮೆಟೊ ಸಮೇತ ಎಲ್ಲವನ್ನೂ ಹೊರಗೆ ಹಾಕಿದೆ. "ಬೇರೆಯವರ ಮನೇಲಿ ಫ್ರಿಜ್ ತೆಗೆದ್ರೆ ತಿನ್ನೋಕೆ ಏನಾದ್ರೂ ಸಿಗುತ್ತೆ, ನಮ್ಮನೇಲಿ ಸೌದೆ," ಎಂದರು ಯಜಮಾನರು. ನನಗೆ ನಗು ಬರಲಿಲ್ಲ. ಸೇಬಿನ ಕಡ್ಡಿ ಸುಮ್ಮನೆ ನೆಟ್ಟರೆ ಬೇರು ಬಿಡುವುದಿಲ್ಲ, ಬೇರಿರುವ ಇನ್ನೊಂದು ಸಸಿಗೆ ಕಸಿ ಕಟ್ಟಬೇಕು. ಎರಡು ತಿಂಗಳೊಳಗೆ ಆ ಸಸಿ ಸಿಗದಿದ್ದರೆ ಅಮ್ಮನ ಮರ ಅಲ್ಲಿಗೆ ಮುಗಿಯಿತು.

ನರ್ಸರಿಯವನ ಹತ್ತಿರ ಇದ್ದದ್ದು ಗಿಡ್ಡ ಬೇರಿನ ಸಸಿ ಮಾತ್ರ. ಅದಕ್ಕೆ ಯಾವ ಸೇಬು ಕಟ್ಟಿದರೂ ಆಳೆತ್ತರಕ್ಕೆ ನಿಂತುಬಿಡುತ್ತದೆ. ಬದುಕಿರುವಷ್ಟು ದಿನ ಆಸರೆಗೊಂದು ಕೋಲು ಬೇರೆ ಬೇಕು.

"ಅಕ್ಕಾ, ಇದಾದ್ರೆ ಮೂರೇ ವರ್ಷಕ್ಕೆ ಹಣ್ಣು. ದೊಡ್ಡ ಬೇರು ಅಂದ್ರೆ ಎಂಟು ವರ್ಷ ಕಾಯ್ಬೇಕು. ಈ ವಯಸ್ಸಲ್ಲಿ ನಿಮಗ್ಯಾಕೆ ಉಸಾಬರಿ?"

"ನನ್ನ ವಯಸ್ಸು ನಾನು ನೋಡ್ಕೋತೀನಿ. ಗೋಡೆ ದಾಟಿ ಬೆಳೆಯೋ ಬೇರು ಇದ್ಯಾ?"

"ಈ ವರ್ಷ ಇಲ್ಲ. ಮುಂದಿನ ವರ್ಷ ಬನ್ನಿ."

"ಕಾಯೋಕೆ ಕಡ್ಡಿಗೆ ನೀವೇ ಹೇಳಿ," ಎಂದು ಹೊರಬಿದ್ದೆ. ಇನ್ನೆರಡು ನರ್ಸರಿಗಳಲ್ಲೂ ಅದೇ ಕಥೆ. ಅಷ್ಟರಲ್ಲಿ ಒಂದೂವರೆ ತಿಂಗಳು ಕಳೆದಿತ್ತು.

ವಾಪಸು ಬರುವಾಗ ನಾನು ಹದಿನೆಂಟು ವರ್ಷ ಮಾಲಿ ಕೆಲಸ ಮಾಡಿದ ಪಾರ್ಕು ಸಿಕ್ಕಿತು. ಗೇಟಿನ ಪಕ್ಕ ಹೂವಿಗೆಂದು ಬೆಳೆಸಿದ ಕಾಡುಸೇಬಿನ ಮರವಿದೆ. ಮೇಲಿನದು ಕಸಿ ಕಟ್ಟಿದ್ದು, ಕೆಳಗಿನದು ಬೀಜದಿಂದ ಬಂದ ಒರಟು ಬೇರು. ಆ ಬೇರಿನಿಂದ ಪ್ರತಿ ವರ್ಷ ಬುಡದ ಸುತ್ತ ಮರಿಗಳೇಳುತ್ತವೆ. ಅವನ್ನು ಕತ್ತರಿಸಿ ಎಸೆಯುವುದು ನನ್ನದೇ ಕೆಲಸವಾಗಿತ್ತು. ಎಷ್ಟು ಕಡಿದರೂ ಮರುವರ್ಷ ಹಾಜರು. ದರಿದ್ರದವು ಎಂದು ಬೈದುಕೊಂಡೇ ಕಡಿದಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಇದನ್ನು ಬಿಟ್ಟು ಊರೆಲ್ಲ ಅಲೆದಿದ್ದೆನಲ್ಲ.

"ಎಸೆಯೋದೇ ತಾನೆ, ತಗೊಂಡ್ಹೋಗಿ," ಎಂದ ಈಗಿನ ಮಾಲಿ. "ಆದ್ರೆ ಅದ್ಯಾವ ಬೇರೋ ಏನೋ, ಎಷ್ಟೆತ್ತರ ಹೋಗುತ್ತೋ."

"ಅದೇ ಬೇಕಾಗಿರೋದು."

ಮಂಡಿಯೂರಿ ಮಣ್ಣು ಬಿಡಿಸಿ, ಬೇರು ಸಮೇತ ಐದು ಮರಿಗಳನ್ನು ಕಿತ್ತೆ. ಮನೆಗೆ ಬಂದು ಮರಿ, ಕಡ್ಡಿ ಎರಡನ್ನೂ ಓರೆಯಾಗಿ ಕೊಯ್ದು, ಸಿಪ್ಪೆಯಡಿಯ ಹಸಿರಿಗೆ ಹಸಿರು ಕೂಡಿಸಿ, ಟೇಪು ಸುತ್ತಿ, ಗೋಡೆಯಿಂದ ನಾಲ್ಕು ಹೆಜ್ಜೆ ಈಚೆಗೆ ನೆಟ್ಟೆ. ನಾಲ್ಕು ಒಣಗಿದವು. ನಾಲ್ಕನೆಯದು ಒಣಗಿದ ದಿನ ಅಡುಗೆಮನೆಯಲ್ಲಿ ಕೂತು ಅತ್ತೆ. ಐದನೆಯದು ಆ ವಾರವೇ ಚಿಗುರಿತು.

ಮೂರನೆಯ ವರ್ಷ ತುದಿ ಗೋಡೆ ದಾಟಿದಾಗ ಅಣ್ಣ ಆಚೆ ಬಂದು ನಿಂತ.

"ಇದು ಇನ್ನೂ ಎಷ್ಟೆತ್ತರ ಹೋಗುತ್ತೆ?"

"ನಿನ್ನ ಶೆಡ್ ಮೇಲೆ ಎರಡಾಳೆತ್ತರ."

"ಕೊಂಬೆ ನನ್ನ ಕಡೆ ಬಂದ್ರೆ ಕಡಿಸ್ತೀನಿ, ಈಗ್ಲೇ ಹೇಳಿದೀನಿ."

ಪರವಾಗಿಲ್ಲ, ಈ ಸಲ ಹೇಳಿಯಾದರೂ ಕಡಿಸುತ್ತಾನೆ.

"ಕಡಿಸಣ್ಣ," ಎಂದೆ. "ಕಡಿಸಿದ ಕಡ್ಡಿ ಮಾತ್ರ ಈ ಕಡೆ ಎಸಿ. ಬೇರು ಎಲ್ಲಿ ಸಿಗುತ್ತೆ ಅಂತ ನನಗೀಗ ಗೊತ್ತು."