ಮೂರನೆಯ ನೀರು

ಅಪ್ಪ ಲೋಟಕ್ಕೆ ಮೂರನೆಯ ಸಲ ನೀರು ಹಿಡಿದು, ಗಿರ್ರನೆ ತಿರುಗಿಸಿ ಚೆಲ್ಲಿದಾಗ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಮಗಳು ಒಂದೇ ಕಾಲಲ್ಲಿ ಹಾಗೇ ನಿಂತುಬಿಟ್ಟಳು. ಹುಟ್ಟಿದಾಗಿನಿಂದ ನೋಡಿದ್ದೇ. ಲೋಟಕ್ಕಾದರೂ ಅಷ್ಟೆ, ಬಣ್ಣದ ಕಾರ್ಖಾನೆಯಲ್ಲಿ ಅವನು ತೊಳೆಯುವ, ಬಣ್ಣ ಕಲಸುವ ಆಳೆತ್ತರದ ವೆಸೆಲ್‌ಗಾದರೂ ಅಷ್ಟೆ, ಅಪ್ಪನದು ಮೂರು ನೀರು. ಅಲ್ಲಿ ಅವನನ್ನು ಕರೆಯುವುದೇ 'ಮೂರ್ನೀರಪ್ಪ' ಎಂದು. ಛೆ, ಇದು ಇಷ್ಟು ದಿನ ತನಗೇಕೆ ಹೊಳೆಯಲಿಲ್ಲ?

ಅದೇ ಕಾರ್ಖಾನೆಯಲ್ಲಿ ಅವಳು ಕೆಮಿಸ್ಟ್. ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಮುನ್ನ ವೆಸೆಲ್ಲನ್ನು ಮೂರು ಸಲ ಕಂಠಮಟ್ಟ ತುಂಬಿಸಿ, ಮೂರು ಸಲ ಹಿತ್ತಲ ಹೊಂಡಕ್ಕೆ ಬಿಡುತ್ತಿದ್ದರು. ಆ ನೀರು ಇಂಗಿ ಇಂಗಿ ಪಕ್ಕದ ಬೀದಿಯ ಬಾವಿಗಳೇ ಕೆಂಪಾಗಿದ್ದವು. ಅವಳು ಮ್ಯಾನೇಜರನನ್ನು ವರ್ಷವಿಡೀ ಗೋಗರೆದು, ವೆಸೆಲ್ ಒಳಗೆ ತೂತುತೂತಿನ ಉಕ್ಕಿನ ಚೆಂಡೊಂದನ್ನು ಕೂರಿಸಿದ್ದಳು. ಅದರಿಂದ ಹತ್ತು ಬಿಂದಿಗೆ ನೀರು ಒಂದೇ ಸಲ ರಭಸವಾಗಿ ಸಿಡಿದರೆ ಸಾಕು. ಆ ನೀರನ್ನೂ ತೆಗೆದಿಟ್ಟು ಅದೇ ಬಣ್ಣದ ಮುಂದಿನ ಬ್ಯಾಚಿಗೆ ಹಾಕಬಹುದು. ಒಂದು ಬ್ಯಾಚೂ ಕೆಟ್ಟಿರಲಿಲ್ಲ. ಆದರೆ ತಿಂಗಳಾದರೂ ಮೀಟರಿನಲ್ಲಿ ದಿನದ ನೀರಿನ ಲೆಕ್ಕ ಮಾತ್ರ ಇಳಿಯಲೊಲ್ಲದು! "ಇವತ್ತು ಸಂಜೆ ನೋಡ್ತೀನಿ. ಇಳೀದಿದ್ರೆ ನಿಮ್ಮ ಚೆಂಡು ಗುಜರಿಗೆ" ಎಂದಿದ್ದ ಮ್ಯಾನೇಜರ್.

"ಅಪ್ಪ, ನಾನು ಊಟಕ್ಕೆ ಹೋದಾಗ ನೀನು ವೆಸೆಲ್‌ಗೆ ಪೈಪ್ ಬಿಡ್ತಿದ್ದೀಯಾ?"

ಅಪ್ಪ ಲೋಟ ಒರೆಸಿದ. ಒರೆಸಿದ್ದನ್ನೇ ಒರೆಸಿದ.

"ಎರಡೇ ಸಲ ಕಣಮ್ಮ. ಜಾಸ್ತಿ ಏನಿಲ್ಲ."

"ಎರಡು ಸಲ! ಲಾಗ್ ಬುಕ್ಕಲ್ಲಿ ಒಂದೇ ತೊಳೆತ ಅಂತ ಬರ್ದಿದ್ದೀಯಲ್ಲ!"

"ಮತ್ತೇನ್ಮಾಡ್ಲಿ? ನಿನ್ನ ಚೆಂಡು ಯಾವುದೋ ಮೂಲೆ ಬಿಟ್ಟು ಬ್ಯಾಚ್ ಕೆಟ್ರೆ, ಎಲ್ಲಾರೂ ನಿನ್ನ ಮೇಲೆ ಎಗರಿ ಬೀಳ್ತಾರೆ. ಅದನ್ನ ನಾನು ನಿಂತು ನೋಡ್ಬೇಕಾ?"

ಮೂವತ್ತು ವರ್ಷ ಒಂದಕ್ಷರ ಸುಳ್ಳು ಬರೆಯದ ಮನುಷ್ಯ! ಅವಳಿಗೆ ಕೋಪವೂ ಬಂತು, ಅಳುವೂ ಬಂತು.

"ನನ್ನ ಉಳಿಸೋಕೆ ಹೋಗಿ ನನ್ನನ್ನೇ ಮುಳುಗಿಸ್ತಿದ್ದೀಯಲ್ಲಪ್ಪ" ಎಂದಳು.

ಕಾರ್ಖಾನೆಯಲ್ಲಿ ಅವತ್ತು ಕೆಂಪು ಮುಗಿದ ವೆಸೆಲ್ಲಿಗೆ ಹಳದಿ. ಅದಕ್ಕಿಂತ ಕಷ್ಟದ ಜೋಡಿ ಇಲ್ಲ. ಹಳದಿಗೆ ಒಂದು ತೊಟ್ಟು ಕೆಂಪು ಸೇರಿದರೂ ಇಡೀ ಬ್ಯಾಚ್ ಹೊಂಡಕ್ಕೆ. ಚೆಂಡು ನಾಲ್ಕು ನಿಮಿಷ ಸಿಡಿದು ನಿಂತಿತು. ಅಪ್ಪ ವೆಸೆಲ್ಲಿನ ಬಾಯಿಯಿಂದ ಒಳಗೆ ಟಾರ್ಚ್ ಬಿಟ್ಟು ಬಗ್ಗಿ ನೋಡಿದ.

"ಅಲ್ಲೊಂದು ಕೆಂಪು ಕಾಣ್ತಿದೆ ನೋಡು."

ಅವಳೂ ಬಗ್ಗಿದಳು. ಹಳೆಯ ಕಲೆಯೋ, ಹಸಿ ಬಣ್ಣವೋ ತಿಳಿಯಲಿಲ್ಲ. ಆಗಲೇ ಅವಳಿಗೆ ಅರಿವಾಗಿದ್ದು. ಬ್ಯಾಚ್ ಕೆಡಲಿಲ್ಲ ಎಂದು ತಿಂಗಳಿಡೀ ಬೀಗಿದ್ದಳಲ್ಲ, ಅದೆಲ್ಲ ಅಪ್ಪನ ಎರಡು ನೀರಿನ ಪುಣ್ಯ. ತನ್ನ ಒಂದು ನೀರನ್ನು ಯಾರೂ, ಒಂದು ದಿನವೂ, ಪರೀಕ್ಷೆ ಮಾಡಿಯೇ ಇರಲಿಲ್ಲ! ಕಾಲು ಸುಟ್ಟ ಬೆಕ್ಕಿನಂತೆ ವೆಸೆಲ್ ಸುತ್ತ ಎರಡು ಸುತ್ತು ಹಾಕಿದಳು. ಕೈ ತಾನಾಗಿ ಗೋಡೆಯ ಪೈಪಿಗೆ ಹೋಯಿತು.

ಅಪ್ಪ ಅಡ್ಡ ನಿಂತ.

"ಬೇಡ."

"ಅಪ್ಪ, ಒಂದೇ ಒಂದು ಸಲ..."

"ನಾನೂ ಹಂಗೇ ಅಂದ್ಕೊಂಡೇ ಶುರು ಮಾಡಿದ್ದು. ಬಿಡು ಕೈ. ಹಳದಿ ಹಾಕ್ಸು."

ಅವನೇ ಪೈಪನ್ನು ಸುತ್ತಿ ಗೂಟಕ್ಕೆ ಹಾಕಿ, ಅದರ ಕೆಳಗೇ ಕೂತುಬಿಟ್ಟ.

ಹಳದಿ ತಯಾರಾಗಲು ಎರಡು ಗಂಟೆ. ಅವಳು ಗಡಿಯಾರ ನೋಡಿದಳು, ಇವತ್ತು ಅಷ್ಟಾಗಿ ಓಡದ ಮೀಟರ್ ನೋಡಿದಳು, ಉಗುರು ಕಚ್ಚಿದಳು. ಅಪ್ಪ ಎದ್ದು ಕೂತು, ಕೂತು ಎದ್ದು ಸಾಕಾಗಿ, ಕೊನೆಗೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಕೆಂಪು ಬೆರೆತಿದ್ದರೆ ಅಂಚಿನಲ್ಲಿ ಎದ್ದು ಕಾಣುತ್ತದೆ ಎಂದು, ತಯಾರಾದ ಹಳದಿಯ ಒಂದು ತೊಟ್ಟನ್ನು ಅವಳು ಕಾಗದದ ಮೇಲೆ ಬಿಟ್ಟಳು. ಅದು ಮೆಲ್ಲಗೆ ಹರಡಿತು. ನಡುವೆ ಹಳದಿ, ಅಂಚಲ್ಲೂ ಹಳದಿ. ಇನ್ನೊಂದು ತೊಟ್ಟು, ಅದೂ ಹಳದಿ. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು. ಅಪ್ಪ ಕಾಗದವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ.

ಮೂಲೆಯ ನಲ್ಲಿಗೆ ಹೋಗಿ ಅಲ್ಲಿದ್ದ ಲೋಟವನ್ನು ಒಂದು ಸಲ ತೊಳೆದು ನೀರು ಚೆಲ್ಲಿದ. ಇನ್ನೊಮ್ಮೆ ನೀರು ಹಿಡಿದು, ಅಭ್ಯಾಸಬಲದಿಂದ ತಿರುಗಿಸಲು ಹೊರಟ ಮಣಿಕಟ್ಟು ಅರ್ಧಕ್ಕೇ ನಿಂತಿತು. ಆ ನೀರನ್ನು ಹಾಗೇ ತಂದು ಮಗಳ ಕೈಗಿಟ್ಟ.

"ಕುಡಿ" ಎಂದ.